ಕಣ್ಣು ಬೆಳೆಯುವುದಿಲ್ಲ ಎಂದು ಬರೆದವಳು

ಬೇರೆಯವರ ತಪ್ಪು ಹಿಡಿಯುವುದೇ ಹೊಟ್ಟೆಪಾಡಾದವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ತಮ್ಮಿಂದ ತಪ್ಪಾಗುವುದೇ ಇಲ್ಲ ಎಂಬ ನಂಬಿಕೆ. ಈ ಕಥೆಯವಳಿಗೂ ಅದು ಬಲವಾಗಿಯೇ ಅಂಟಿತ್ತು. ಅವಳು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಔಷಧದ ಡಬ್ಬಿಯೊಳಗೆ ಮಡಚಿಟ್ಟಿರುತ್ತಾರಲ್ಲ, ಯಾರೂ ಓದದ ಆ ತೆಳ್ಳನೆಯ ಕಾಗದ, ಅದನ್ನು ಈ ಜಗತ್ತಿನಲ್ಲಿ ಪೂರ್ತಿ ಓದುವ ಒಂದೇ ಜೀವ ಇವಳು. ಇವಳ ಮೇಜಿನಿಂದ ಒಂದು ಚುಕ್ಕೆ ತಪ್ಪಿಸಿಕೊಂಡು ಹೋಗುವಂತಿರಲಿಲ್ಲ. ಯಂತ್ರ ನಡೆಸುವವರು ಇವಳನ್ನು ಕಂಡರೆ ಬೀಡಿ ಬಚ್ಚಿಟ್ಟುಕೊಳ್ಳುತ್ತಿದ್ದರು.

ಇಂಥವಳು ಬಿಡುವಿನ ವೇಳೆಯಲ್ಲಿ ಏನು ಮಾಡುತ್ತಾಳೆ? ಮತ್ತೆ ಅದನ್ನೇ. ಆನ್‌ಲೈನ್ ವಿಶ್ವಕೋಶವೊಂದರಲ್ಲಿ ವಿಜ್ಞಾನದ ಲೇಖನಗಳನ್ನು ಬರೆಯುವ, ತಿದ್ದುವ ಒಂದು ಗುಂಪಿತ್ತು. ಯಾರಿಗೂ ಸಂಬಳವಿಲ್ಲ, ಯಾರೂ ಯಾರ ಮುಖವನ್ನೂ ಕಂಡವರಲ್ಲ. ಎಲ್ಲರಿಗೂ ಒಂದೊಂದು ಅಡ್ಡಹೆಸರು. ಇವಳು ಕೆಂಪುಪೆನ್ನು. ಬೆಕ್ಕಿನ ಚಿತ್ರ ಹಾಕಿಕೊಂಡ ಹುಡುಗಿಯೊಬ್ಬಳು ಬೆಕ್ಕು. ಯಾವುದೋ ಬ್ಯಾಂಕಿನಲ್ಲಿ ಕೆಲಸವಂತೆ. ಗುಂಪಿನ ನಿರ್ವಾಹಕರು ಮೇಷ್ಟ್ರು; ನಿಜವಾಗಿಯೂ ಭೌತಶಾಸ್ತ್ರ ಪಾಠ ಮಾಡುವವರು. ಲೇಖನಕ್ಕೆ ಬೀಗ ಹಾಕುವ, ಗಲಾಟೆ ಮಾಡಿದವರನ್ನು ಕೆಲವು ದಿನ ಹೊರಗಿಡುವ ಅಧಿಕಾರ ಅವರದು. ಕೊನೆಯವರು ಆಧಾರಜ್ಜ. ಅವರು ಅಜ್ಜನೋ ಅಜ್ಜಿಯೋ ಮೂವತ್ತರ ಪೋರನೋ ಯಾರಿಗೂ ಗೊತ್ತಿರಲಿಲ್ಲ. ಯಾರು ಏನೇ ಬರೆಯಲಿ, "ಆಧಾರ ಎಲ್ಲಿ?" ಎಂದು ಕೇಳುತ್ತಿದ್ದುದರಿಂದ ಬಂದ ಹೆಸರು ಅದು.

ಇವಳಿಗೆ ಕೈ ಹಿಡಿದು ಕೆಲಸ ಕಲಿಸಿದ್ದು ಈ ಆಧಾರಜ್ಜನೇ. ಲೇಖನದ ಅಡಿಯಲ್ಲಿ ಆಕರ ಹೇಗೆ ಕೊಡಬೇಕು, ಪ್ರತಿ ಲೇಖನಕ್ಕೂ ಅಂಟಿಕೊಂಡಿರುವ ಚರ್ಚಾಪುಟದಲ್ಲಿ ಹೇಗೆ ಜಗಳವಾಡಬೇಕು, ಹೇಗೆ ಆಡಬಾರದು, ಎಲ್ಲವನ್ನೂ ಅವರು ತಾಳ್ಮೆಯಿಂದ ಹೇಳಿಕೊಟ್ಟಿದ್ದರು. "ನಮಗೆ ಗೊತ್ತಿದೆ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ ಮಗಳೇ. ಅಚ್ಚಾದ ಕಡೆ ಎಲ್ಲಿದೆ ತೋರಿಸು" ಎನ್ನುತ್ತಿದ್ದರು. ಇವಳು ತೋರಿಸುತ್ತಿದ್ದಳು. ಒಂದು ಸಲ ಬಿಟ್ಟು.

ಆ ಒಂದು ಸಲ ನಡೆದದ್ದು ಇಷ್ಟೇ. ಮನುಷ್ಯನ ಕಣ್ಣಿನ ಬಗ್ಗೆ ಲೇಖನವೊಂದಿತ್ತು, ಬಡಕಲಾಗಿತ್ತು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಾ ಅದಕ್ಕೊಂದಿಷ್ಟು ಸೇರಿಸೋಣ ಎಂದು ಕುಳಿತಳು. ಬರೆಯುತ್ತಾ ಬರೆಯುತ್ತಾ ಅಪ್ಪನ ಮಾತು ನೆನಪಾಯಿತು. ಅಕ್ಕನ ಮಗಳು ಹುಟ್ಟಿದಾಗ ತೊಟ್ಟಿಲ ಮೇಲೆ ಬಗ್ಗಿ, "ನೋಡಿದ್ರಾ, ಮೈಯೆಲ್ಲ ಬೆಳೆಯುತ್ತೆ, ಕಣ್ಣು ಮಾತ್ರ ಬೆಳೆಯಲ್ಲ, ಸಾಯೋವರೆಗೂ ಇಷ್ಟೇ" ಎಂದಿದ್ದರು. ಎಷ್ಟು ಚೆಂದದ ಮಾತು! ಇವಳು ಅದನ್ನು ಇನ್ನಷ್ಟು ಚೆಂದ ಮಾಡಿ ಬರೆದಳು: "ದೇಹದ ಉಳಿದೆಲ್ಲ ಅಂಗಗಳು ಬೆಳೆದರೂ ಕಣ್ಣು ಮಾತ್ರ ಹುಟ್ಟಿದಾಗಿನ ಗಾತ್ರದಲ್ಲೇ ಕೊನೆಯವರೆಗೂ ಉಳಿಯುತ್ತದೆ." ಆಕರ ಕೊಡಲಿಲ್ಲ. ಆಮೇಲೆ ಹುಡುಕಿ ಹಾಕಿದರಾಯಿತು ಎಂದುಕೊಂಡಳು, ಅಷ್ಟರಲ್ಲಿ ಬೆಲ್ಲು ಹೊಡೆಯಿತು.

ಕೆಲವು ತಿಂಗಳು ಯಾರೂ ಅದನ್ನು ಗಮನಿಸಲಿಲ್ಲ. ಆಮೇಲೆ ಆಧಾರಜ್ಜನ ಕಣ್ಣಿಗೆ ಬಿತ್ತು. ಅವರು ಸಾಲನ್ನು ತೆಗೆದುಹಾಕಿ ಚರ್ಚಾಪುಟದಲ್ಲಿ ಬರೆದರು: "ಇದು ತಪ್ಪು. ಹುಟ್ಟಿದ ಮಗುವಿನ ಕಣ್ಣು ದೊಡ್ಡವರ ಕಣ್ಣಿಗಿಂತ ಚಿಕ್ಕದು. ಮೊದಲ ಎರಡು ವರ್ಷ ಬೇಗ ಬೇಗ, ಆಮೇಲೆ ನಿಧಾನವಾಗಿ ಬೆಳೆಯುತ್ತದೆ." ಜೊತೆಗೆ ವೈದ್ಯಕೀಯ ವಿದ್ಯಾರ್ಥಿಗಳು ಓದುವ ಒಂದು ಹಳೆಯ ಪಠ್ಯಪುಸ್ತಕದ ಹೆಸರನ್ನೂ ಪುಟದ ಸಂಖ್ಯೆಯನ್ನೂ ಕೊಟ್ಟರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಕೆಂಪುಪೆನ್ನಿಗೆ ಪಿತ್ತ ನೆತ್ತಿಗೇರಿತು. ಯಾಕೆಂದರೆ ಹಿಂದಿನ ವಾರವಷ್ಟೇ ಆಧಾರಜ್ಜ ಅವಳ ಇನ್ನೊಂದು ಲೇಖನವನ್ನು ಎಲ್ಲರೆದುರು ಚಿಂದಿ ಮಾಡಿದ್ದರು. ಅದೂ ಅಲ್ಲದೆ ಅವಳನ್ನು ಎರಡನೆಯ ನಿರ್ವಾಹಕಿಯಾಗಿ ಆರಿಸುವ ಮಾತು ನಡೆದಿತ್ತು. ಇಂಥ ಹೊತ್ತಿನಲ್ಲಿ ಸೋಲುವುದೇ? "ಈ ಪುಸ್ತಕ ಆನ್‌ಲೈನ್‌ನಲ್ಲಿ ಎಲ್ಲೂ ಇಲ್ಲ. ನಾವು ಪರೀಕ್ಷಿಸೋದು ಹೇಗೆ?" ಎಂದು ಬರೆದು ತನ್ನ ಸಾಲನ್ನು ವಾಪಸು ಹಾಕಿದಳು.

"ಗ್ರಂಥಾಲಯಕ್ಕೆ ಹೋಗಿ ನೋಡಬಹುದು" ಎಂದರು ಅಜ್ಜ.

ಯಾರು ಹೋಗುತ್ತಾರೆ? ಯಾರೂ ಹೋಗಲಿಲ್ಲ.

ಆ ವಾರಾಂತ್ಯ ಒಂದು ಪತ್ರಿಕೆಯ ಪುರವಣಿಯಲ್ಲಿ, ಪದಬಂಧದ ಪಕ್ಕದ ಚಿಕ್ಕ ಚೌಕದಲ್ಲಿ, "ದೇಹದ ಉಳಿದೆಲ್ಲ ಅಂಗಗಳು ಬೆಳೆದರೂ ಕಣ್ಣು ಮಾತ್ರ..." ಎಂದು ಅಚ್ಚಾಗಿ ಬಂತು. ಒಂದಕ್ಷರ ಆಚೀಚೆ ಇಲ್ಲ. ಪುರವಣಿಯ ಯಾರೋ ಸೋಮಾರಿ ವಿಶ್ವಕೋಶದಿಂದ ಎತ್ತಿ ಚೌಕ ತುಂಬಿಸಿದ್ದ. ಬೆಕ್ಕು ಅದನ್ನು ಕಂಡು ಕುಣಿದಾಡಿತು. "ಅಕ್ಕಾ, ಸಿಕ್ತು ಆಧಾರ! ಪೇಪರ್‌ನಲ್ಲೇ ಬಂದಿದೆ!" ಎಂದು ಲಿಂಕನ್ನು ಆ ಸಾಲಿನ ಅಡಿಯಲ್ಲಿ ಅಂಟಿಸಿಯೂಬಿಟ್ಟಿತು.

ಇವಳು ಆ ಚೌಕವನ್ನು ನೋಡಿದಳು. ನೋಡಿದ ಕೂಡಲೇ ಗೊತ್ತಾಯಿತು. ದಿನವಿಡೀ ಅಕ್ಷರಕ್ಕೆ ಅಕ್ಷರ ಹೋಲಿಸುವುದೇ ಕಸುಬಾದವಳಿಗೆ ತನ್ನದೇ ವಾಕ್ಯ ಗುರುತು ಸಿಗುವುದಿಲ್ಲವೇ? ನಾನು ಬರೆದದ್ದನ್ನು ಅವರು ಕದ್ದರು, ಅವರು ಕದ್ದದ್ದೇ ಈಗ ನನಗೆ ಸಾಕ್ಷಿ. ಹೇಳಬೇಕೆಂದು ಬೆರಳು ಕೀಲಿಮಣೆಯ ಮೇಲೆ ಇಟ್ಟಳು. ಆಮೇಲೆ ಬೆರಳು ತೆಗೆದಳು.

ಅಜ್ಜ ಮತ್ತೆ ಸಾಲು ಅಳಿಸಿದರು. "ಪತ್ರಿಕೆಯವರು ಇಲ್ಲಿಂದಲೇ ನಕಲು ಮಾಡಿರಬೇಕು" ಎಂದೂ ಬರೆದರು. ಬೆಕ್ಕು ಅದನ್ನು ವಾಪಸು ಹಾಕಿತು. ಅಜ್ಜ ಅಳಿಸಿದರು. ಮೇಷ್ಟ್ರು ಬಂದು ಎಚ್ಚರಿಸಿದರು: "ಆಧಾರ ಇರೋ ಸಾಲನ್ನ ಹೀಗೆ ಪದೇ ಪದೇ ಅಳಿಸೋ ಹಾಗಿಲ್ಲ. ನಮ್ಮಲ್ಲಿ ಮೊದಲು ಬಂತು ಅಂದ ಮಾತ್ರಕ್ಕೆ ಆಗಲ್ಲ, ಇಬ್ಬರೂ ಬೇರೆ ಯಾವುದೋ ಪುಸ್ತಕದಿಂದ ತಗೊಂಡಿರಬಹುದು. ನಕಲು ಅನ್ನೋದಕ್ಕೆ ನಿಮ್ಮ ಹತ್ರ ಏನು ಪುರಾವೆ ಇದೆ?" ಪುರಾವೆ ಇದ್ದದ್ದು ಒಬ್ಬಳ ಹೊಟ್ಟೆಯೊಳಗೆ. ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅಜ್ಜ ಇನ್ನೊಮ್ಮೆ ಅಳಿಸಿದರು, ಮೇಷ್ಟ್ರು ಅವರಿಗೆ ಒಂದು ವಾರ ತಡೆ ಹಾಕಿದರು. ಅಷ್ಟು ವರ್ಷಗಳಲ್ಲಿ ಅವರ ಹೆಸರಿನ ಮುಂದೆ ಬಿದ್ದ ಒಂದೇ ಒಂದು ತಡೆ ಅದು. ಕಾರಣದ ಜಾಗದಲ್ಲಿ "ಆಧಾರವಿರುವ ಮಾಹಿತಿಯನ್ನು ಹಟಕ್ಕೆ ಬಿದ್ದು ಅಳಿಸಿದ್ದಕ್ಕೆ" ಎಂದು ಬರೆದರು. ಆಧಾರಜ್ಜನಿಗೆ! ವಾರ ಮುಗಿದರೂ ಅವರು ಬರಲಿಲ್ಲ. ತಿಂಗಳು ಕಳೆದರೂ ಬರಲಿಲ್ಲ. ಇವಳು ನಿರ್ವಾಹಕಿಯಾದಳು, ಎಲ್ಲರೂ ಅಭಿನಂದಿಸಿದರು. "ಅಜ್ಜ ಇದ್ದಿದ್ರೆ ಖುಷಿ ಪಡ್ತಿದ್ರು" ಎಂದು ಬೆಕ್ಕು ಬರೆದಾಗ ಇವಳು ಆ ಪುಟವನ್ನೇ ಮುಚ್ಚಿದಳು.

ಮನುಷ್ಯರು ಇಂಥದ್ದರ ಜೊತೆ ಬದುಕುತ್ತಾರೆ. ಹಲ್ಲುನೋವಿನ ಹಾಗೆ, ಆ ಕಡೆ ಅಗಿಯದಿದ್ದರೆ ಆಯಿತು. ಇವಳೂ ಕಣ್ಣಿನ ಲೇಖನದ ಕಡೆ ಹೋಗುವುದನ್ನೇ ಬಿಟ್ಟಳು. ಹೀಗೆ ವರ್ಷವೊಂದು ಉರುಳಿತು.

ಅಕ್ಕನ ಮನೆ ಇವಳಿದ್ದ ಕಟ್ಟಡದ ಮೇಲಿನ ಮಹಡಿಯಲ್ಲೇ. ಒಂದು ಭಾನುವಾರ ಬೆಳಿಗ್ಗೆ ಇವಳು ಮೇಲೆ ಹೋದಾಗ ಅಕ್ಕನ ಮಗಳು ಟಿವಿಗೆ ಮೂಗು ತಾಗಿಸಿಕೊಂಡು ನಿಂತಿದ್ದಳು.

"ಏನೇ ಪುಟ್ಟಿ, ಟಿವಿ ಒಳಗೇ ಹೋಗ್ತೀಯಾ?" ಎಂದಳು ಇವಳು.

"ದೂರದಿಂದ ಮಬ್ಬು ಮಬ್ಬು ಕಾಣುತ್ತೆ ಚಿಕ್ಕಮ್ಮ."

"ಕನ್ನಡಕ ಹಾಕಿದೀಯಲ್ಲ?"

"ಹಾಕಿದ್ರೂ ಅಷ್ಟೇ."

ಇವಳು ಅಕ್ಕನ ಕಡೆ ತಿರುಗಿದಳು. "ಯಾವಾಗ ತೋರಿಸಿದ್ದು ಇವಳ ಕಣ್ಣು?"

ಅಕ್ಕ ಒಗೆದ ಬಟ್ಟೆ ಮಡಚುತ್ತಾ ಗಂಡನ ಕಡೆ ಗಲ್ಲ ಎತ್ತಿ ತೋರಿಸಿದಳು. "ನಿನ್ನ ಭಾವನ್ನೇ ಕೇಳು. ವರ್ಷಕ್ಕೊಂದು ಸಲ ಕರ್ಕೊಂಡು ಬನ್ನಿ ಅಂದಿದ್ರು ಡಾಕ್ಟ್ರು. ಇವರು ಬೇಡ ಅಂದ್ರು."

ಭಾವ ಪತ್ರಿಕೆಯ ಹಿಂದಿನಿಂದ ತಲೆ ಹೊರಹಾಕಿದರು. ಅವರು ಜಗತ್ತಿನ ಎಲ್ಲ ಡಾಕ್ಟರುಗಳ ಮೇಲೆ ಒಂದು ಕಣ್ಣಿಟ್ಟಿರುವ ಮನುಷ್ಯ. "ಅಲ್ಲಮ್ಮ, ನೀನೇ ಹೇಳು. ಕಣ್ಣು ಬೆಳೆಯೋದೇ ಇಲ್ಲ. ಬೆಳೆಯದೇ ಇರೋದಕ್ಕೆ ನಂಬರ್ ಹೇಗೆ ಬದಲಾಗುತ್ತೆ? ಒಂದು ಸಲ ಕನ್ನಡಕ ಹಾಕಿಸಿದ್ರೆ ಆಯ್ತಪ್ಪ. ವರ್ಷ ವರ್ಷ ಬಾ ಅಂದ್ರೆ ಇವರ ಆಟ ಗೊತ್ತಾಗಲ್ವಾ ನಮಗೆ?"

"ಕಣ್ಣು ಬೆಳೆಯಲ್ಲ ಅಂತ ಯಾರು ಹೇಳಿದ್ದು ಭಾವ?" ಎಂದಳು ಇವಳು.

"ಯಾರು ಹೇಳಿದ್ದಾ? ನಿಮ್ಮದೇ ವಿಶ್ವಕೋಶ! ನೀನು ದಿನಾ ಕೂತು ಬರೀತೀಯಲ್ಲ, ಅದೇ. ನೋಡು ಬೇಕಾದ್ರೆ." ಭಾವ ಫೋನ್ ತೆಗೆದು ಸಾಲನ್ನು ಗಟ್ಟಿಯಾಗಿ ಓದಿದರು. "ಆಧಾರ ಸಮೇತ ಇದೆ. ನೀವೆಲ್ಲ ಎಷ್ಟು ಸಲ ತಿದ್ದಿ ಹಾಕ್ತೀರಿ ಅಂತ ನಾನು ನೋಡಿಲ್ವಾ? ಅದಕ್ಕೇ ನಾನು ನಿಮ್ಮದನ್ನ ನಂಬೋದು, ಡಾಕ್ಟ್ರನ್ನಲ್ಲ."

ಅವರು ಹೊಗಳುತ್ತಿದ್ದರು, ಪಾಪ. "ಭಾವ, ಅದು ತಪ್ಪು" ಎಂದಳು ಇವಳು. "ಅದನ್ನ ಬರೆದಿದ್ದು ನಾನೇ."

ಭಾವ ಒಮ್ಮೆ ಫೋನನ್ನೂ ಒಮ್ಮೆ ಇವಳನ್ನೂ ನೋಡಿದರು. ಅಕ್ಕ ಮಡಚುತ್ತಿದ್ದ ಅಂಗಿಯನ್ನು ಹಾಗೇ ಹಿಡಿದು ನಿಂತಳು.

ಮರುದಿನ ಇವಳೇ ರಜೆ ಹಾಕಿ ಪುಟ್ಟಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಂಬರ್ ಚೆನ್ನಾಗಿಯೇ ಏರಿತ್ತು. ವೈದ್ಯೆ ಚಿತ್ರ ಬಿಡಿಸಿ ತೋರಿಸಿದರು. "ಮಕ್ಕಳ ಕಣ್ಣುಗುಡ್ಡೆ ಬೆಳೀತಾ ಇರುತ್ತೆ. ಇವಳದು ಸ್ವಲ್ಪ ಜಾಸ್ತಿ ಉದ್ದ ಬೆಳೀತಾ ಇದೆ. ಅದಕ್ಕೇ ದೂರದ್ದು ಮಬ್ಬು. ಇಷ್ಟು ದಿನ ಬಿಡಬಾರದಿತ್ತು. ಬೇಗ ಬಂದಿದ್ರೆ ಹನಿ ಔಷಧಿ ಶುರು ಮಾಡಿ ನಿಧಾನ ಮಾಡೋಕೆ ನೋಡಬಹುದಿತ್ತು. ಈಗಲೂ ಮಾಡೋಣ, ಆದ್ರೆ ಏರಿದ್ದು ಇಳಿಯಲ್ಲ." ಪುಟ್ಟಿ ಪರೀಕ್ಷೆಯ ಕುರ್ಚಿಯಲ್ಲಿ ಕಾಲು ಆಡಿಸುತ್ತಾ, "ಚಿಕ್ಕಮ್ಮ, ಇನ್ನು ಕ್ಲಾಸಲ್ಲಿ ಬೋರ್ಡು ಕಾಣುತ್ತಲ್ವಾ?" ಎಂದು ಕೇಳಿದಳು. ಇವಳು ಹೂಂ ಎಂದಳು.

ಮನೆಗೆ ಬಂದವಳೇ ಲೇಖನ ತೆರೆದು ಆ ಸಾಲನ್ನು ಅಳಿಸಿದಳು. ಕಾಫಿ ಆರುವಷ್ಟರಲ್ಲಿ ಬೆಕ್ಕು ಅದನ್ನು ವಾಪಸು ಹಾಕಿತ್ತು. "ಅಕ್ಕ, ಆಧಾರ ಇದೆಯಲ್ಲ? ಈಗ ಒಂದಲ್ಲ ಎರಡು. ಮಕ್ಕಳ ರಸಪ್ರಶ್ನೆ ಪುಸ್ತಕದಲ್ಲೂ ಬಂದಿದೆ, ಅದನ್ನೂ ಸೇರಿಸಿದೀನಿ!"

ಇವಳು ಚರ್ಚಾಪುಟಕ್ಕೆ ಹೋಗಿ, "ಆ ಪತ್ರಿಕೆ ನಕಲು ಮಾಡಿದ್ದು ನಮ್ಮಿಂದಲೇ. ಆ ಸಾಲು ನಾನು ಬರೆದದ್ದು, ಆಧಾರವಿಲ್ಲದೆ" ಎಂದು ಬರೆದಳು.

ಮೇಷ್ಟ್ರು ಬಂದರು. ಅವರು ನಿಯಮದ ಮನುಷ್ಯ, ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಕನ್ನೂ ಎರಡು ಸಲ ಓದುವವರು. "ನೀವು ಹೇಳ್ತಿರೋದು ನಿಜ ಇರಬಹುದು ಮೇಡಂ. ಆದ್ರೆ ನಿಮ್ಮ ಮಾತನ್ನ ಆಧಾರ ಅಂತ ತಗೊಳ್ಳೋ ಹಾಗಿಲ್ಲ. ನಿರ್ವಾಹಕಿ ನೀವೇ, ನಿಮಗೆ ಗೊತ್ತಿಲ್ಲದ್ದಾ? ಅಚ್ಚಾದ ಕಡೆ ಎಲ್ಲಿದೆ ತೋರಿಸಿ."

ಅಯ್ಯೋ ದೇವರೇ! ತಪ್ಪು ಮಾಡಿದವಳೇ ತಪ್ಪೊಪ್ಪಿಕೊಂಡರೆ ಅದಕ್ಕೂ ಆಧಾರ ಬೇಕಂತೆ. ಸುಳ್ಳು ಹೇಳುವಾಗ ಯಾರೂ ತಡೆಯಲಿಲ್ಲ, ನಿಜ ಹೇಳುವಾಗ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಅವಳಿಗೆ ನಗು ಬಂತು, ಆಮೇಲೆ ಕಣ್ಣಲ್ಲಿ ನೀರು ಬಂತು. ಆಧಾರಜ್ಜ ಇದೇ ಬಾಗಿಲಲ್ಲಿ ಒಬ್ಬರೇ ನಿಂತಿದ್ದರಲ್ಲ ಎಂಬುದು ಆಗ ತಾನೇ ಸರಿಯಾಗಿ ಅರ್ಥವಾಯಿತು.

ಕೊನೆಗೂ ಅವಳು ಗ್ರಂಥಾಲಯಕ್ಕೆ ಹೋದಳು. ವೈದ್ಯಕೀಯ ಪುಸ್ತಕಗಳು ಮೂರನೆಯ ಮಹಡಿಯಲ್ಲಿ, ಫ್ಯಾನು ಇಲ್ಲದ ಮೂಲೆಯಲ್ಲಿದ್ದವು. ಅಜ್ಜ ಹೇಳಿದ ಪುಸ್ತಕ ಇತ್ತು. ಅವರು ಹೇಳಿದ ಪುಟದಲ್ಲಿ, ಅವರು ಹೇಳಿದ್ದೇ ಇತ್ತು. ಹುಡುಕಲು ಟೀ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಒಂದು ವರ್ಷದ ಹಿಂದೆ ಇಷ್ಟು ಮಾಡಲು ತನಗೆ ಏನು ಧಾಡಿಯಾಗಿತ್ತು ಎಂದು ಅವಳು ತನ್ನನ್ನೇ ಬೈದುಕೊಂಡಳು. ಪುಟದ ಫೋಟೊ ತೆಗೆದುಕೊಂಡು ಬಂದು ಚರ್ಚಾಪುಟದಲ್ಲಿ ಹಾಕಿದಳು. ಮೇಷ್ಟ್ರು ಒಪ್ಪಿದರು. ಸಾಲು ಹೋಯಿತು, ಸರಿಯಾದದ್ದು ಬಂತು.

ಆಮೇಲೆ ಅವಳು ಎಲ್ಲರೂ ಓದುವಂತೆ ಆಧಾರಜ್ಜನ ಪುಟದಲ್ಲಿ ಕ್ಷಮೆ ಕೇಳಿ ಬರೆದಳು. ಚೆನ್ನಾಗಿಯೇ ಬರೆದಳು. ನೀವು ಹೇಳಿದ್ದೇ ಸರಿ, ನಿಮಗೆ ಅನ್ಯಾಯವಾಯಿತು, ದಯವಿಟ್ಟು ವಾಪಸು ಬನ್ನಿ. ನಡುವೆ ಒಂದು ಮಾತು ಸೇರಿಸಿದಳು: "ಪತ್ರಿಕೆಯವರು ನನ್ನಿಂದಲೇ ನಕಲು ಮಾಡಿದ್ದು ಆಗ ನನ್ನ ಗಮನಕ್ಕೆ ಬರಲಿಲ್ಲ."

ನೋಡಿ, ಮನುಷ್ಯ ತಲೆಬಾಗುವಾಗಲೂ ಕೂದಲು ಕೆದರದ ಹಾಗೆ ಬಾಗುತ್ತಾನೆ.

ಬೆಕ್ಕು ಕೂಡಲೇ ಸಮಾಧಾನ ಹೇಳಿತು. "ಅಯ್ಯೋ ಬಿಡಿ ಅಕ್ಕ, ಎಲ್ಲರಿಗೂ ಆಗುತ್ತೆ. ಒಪ್ಕೊಂಡ್ರಲ್ಲ, ಅದೇ ದೊಡ್ಡದು." ಮೇಷ್ಟ್ರೂ, "ದೊಡ್ಡ ಮನಸ್ಸು ಮೇಡಂ ನಿಮ್ಮದು" ಎಂದರು. ಇವಳು ಅದನ್ನು ಓದಿ ಹಗುರವಾಗಬೇಕಿತ್ತು. ಆಗಲಿಲ್ಲ. ಮುದ್ರಣಾಲಯದಲ್ಲಿ ಕೆಮ್ಮಿನ ಔಷಧದ ಕರಡು ಎದುರಿಗಿಟ್ಟುಕೊಂಡು ಒಂದೇ ಸಾಲನ್ನು ಮತ್ತೆ ಮತ್ತೆ ಓದಿದಳು, ಆದರೂ ಅದರೊಳಗಿನ ತಪ್ಪು ಕಣ್ಣಿಗೆ ಬೀಳದೆ ಯಂತ್ರದವರೇ ಬಂದು ತೋರಿಸಿದರು.

ಆ ವಾರದ ಕೊನೆಗೆ ಉತ್ತರ ಬಂತು. ವರ್ಷದಿಂದ ಸದ್ದಿಲ್ಲದ ಪುಟದಲ್ಲಿ ಆಧಾರಜ್ಜನ ಹೆಸರು. "ಮಗಳೇ" ಎಂದಿರಲಿಲ್ಲ.

"ನಿಮ್ಮ ಟಿಪ್ಪಣಿ ಓದಿದೆ. ಒಂದು ಪ್ರಶ್ನೆ. ಪತ್ರಿಕೆಯಲ್ಲಿ ಬಂದದ್ದು ನಿಮ್ಮದೇ ಸಾಲು ಎಂದು ಆಗ ನಿಮಗೆ ತಿಳಿದಿರಲಿಲ್ಲ ಎಂದು ಬರೆದಿದ್ದೀರಿ. ಅದು ನಿಜವಾದರೆ ನನಗೆ ಬಿದ್ದ ತಡೆ ನಿಯಮದ ಪ್ರಕಾರ ಸರಿಯೇ, ನನ್ನ ತಕರಾರಿಲ್ಲ. ತಿಳಿದೂ ಸುಮ್ಮನಿದ್ದಿದ್ದರೆ ಅದು ತಪ್ಪು ತಡೆ, ಹಾಗೆಂದು ನನ್ನ ಹೆಸರಿನ ಮುಂದೆ ದಾಖಲಾಗಬೇಕು. ಯಾವುದು?"

ಅವಳು ಫೋನು ಹಿಡಿದುಕೊಂಡು ಮೇಲಿನ ಮಹಡಿಗೆ ಹೋದಳು. ಅಕ್ಕ ತರಕಾರಿ ಹೆಚ್ಚುತ್ತಿದ್ದಳು. ಇವಳು ಓದಿ ಹೇಳಿದಳು. ಗೊತ್ತಿತ್ತು ಎಂಬುದನ್ನೂ ಹೇಳಿದಳು, ಮೊದಲ ಸಲ, ಬಾಯಿಬಿಟ್ಟು.

"ಗೊತ್ತಿತ್ತು ಅಂದ್ರೆ ಏನಾಗುತ್ತೆ?" ಎಂದಳು ಅಕ್ಕ.

"ನಿರ್ವಾಹಕಿ ಕೆಲಸ ಹೋಗುತ್ತೆ. ಅದು ಹೋದ್ರೆ ಹೋಗಲಿ. ಆಮೇಲೆ ಯಾರೂ ನನ್ನ ನಂಬಲ್ಲ ಅಕ್ಕ."

"ಹಾಗಾದ್ರೆ ಸುಮ್ನಿರೇ. ಸಾಲು ಸರಿ ಮಾಡಿದೀಯ, ಕ್ಷಮೆ ಕೇಳಿದೀಯ. ಮುಖ ಕೂಡ ನೋಡಿಲ್ಲ ಅವರದು. ಯಾರೋ ಏನೋ."

"ಅವರೇ ನನಗೆ ಕಲಿಸಿದ್ದು."

ಅಕ್ಕ ಚಾಕು ನಿಲ್ಲಿಸಿದಳು. "ನನಗೂ ಪುಟ್ಟಿ ವಿಷಯದಲ್ಲಿ ನಿನ್ನ ಮೇಲೆ ಸಿಟ್ಟಿದೆ ಕಣೇ" ಎಂದಳು. "ಹೇಳಿಲ್ಲ ಅಷ್ಟೇ. ನೀನು ಅವತ್ತು ನಾನೇ ಬರೆದಿದ್ದು ಅಂತ ಒಪ್ಕೊಂಡೆ ಅಂತ ತಡ್ಕೊಂಡಿದೀನಿ." ಹಾಗೆಂದು ಮತ್ತೆ ಹೆಚ್ಚತೊಡಗಿದಳು.

ಇವಳು ಅಲ್ಲೇ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಬರೆದಳು: "ತಿಳಿದಿತ್ತು. ನೋಡಿದ ಕೂಡಲೇ ತಿಳಿಯಿತು. ನೀವು ನಕಲು ಎಂದಾಗಲೂ ತಿಳಿದೇ ಸುಮ್ಮನಿದ್ದೆ. ಗೆಲ್ಲಬೇಕಿತ್ತು, ಅದಕ್ಕೆ. ಮೊನ್ನೆ ಬರೆದದ್ದೂ ಸುಳ್ಳು." ಕಳಿಸಿದಳು.

ಮೇಷ್ಟ್ರು ಒಂದೂ ಹೆಚ್ಚಿನ ಮಾತಿಲ್ಲದೆ ಅವಳ ಅಧಿಕಾರ ತೆಗೆದರು. ಅಜ್ಜನ ತಡೆಯ ಪಕ್ಕದಲ್ಲಿ "ಈ ತಡೆ ತಪ್ಪು, ಮಾಹಿತಿ ಮುಚ್ಚಿಟ್ಟು ಹಾಕಿಸಿದ್ದು" ಎಂದು ದಾಖಲಿಸಿದರು. ಸಂಜೆ ಬೆಕ್ಕಿನಿಂದ ಒಂದೇ ಸಾಲು ಬಂತು: "ಅಕ್ಕ, ನಾನು ಅಜ್ಜನ ಜೊತೆ ಅಷ್ಟೆಲ್ಲ ಜಗಳ ಆಡಿದ್ದು ನಿಮ್ಮನ್ನ ನಂಬಿ." ಅದಕ್ಕೆ ಇವಳು ಕ್ಷಮಿಸು ಎಂದು ಬರೆದಳು.

ಆಧಾರಜ್ಜ ವಾಪಸು ಬಂದರು. ಬಂದವರು ಹೊಸ ಲೇಖನ ಬರೆಯಲಿಲ್ಲ, ಬೇರೆಯವರ ಲೇಖನ ಮುಟ್ಟಲಿಲ್ಲ. ಕೆಂಪುಪೆನ್ನು ಬರೆದ ಲೇಖನಗಳನ್ನು ಮೊದಲಿನಿಂದ ಒಂದೊಂದಾಗಿ ತೆರೆದರು. ಅವಳ ಫೋನು ಟಿಣ್ ಎಂದಿತು, ಮತ್ತೆ ಟಿಣ್ ಎಂದಿತು. ಸಾಬೂನು ಜಿಡ್ಡನ್ನು ಹೇಗೆ ಬಿಡಿಸುತ್ತದೆ ಎಂಬ ಲೇಖನದಲ್ಲಿ ಸಾಲು ಸಾಲಿಗೂ "ಆಧಾರ ಬೇಕು" ಎಂಬ ಗುರುತು ಬೀಳುತ್ತಿತ್ತು. ಅವಳ ಮೊದಲ ಲೇಖನ ಅದು, ಆಕರ ಕೊಡುವುದನ್ನು ಕಲಿಯುವ ಮೊದಲು ಬರೆದದ್ದು. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ, ಅವಳಿಗೆ ಚೆನ್ನಾಗಿ ಗೊತ್ತು.

ತಡೆಯಲಾರದೆ ಬರೆದಳು: "ಅಜ್ಜಾ, ಇದು ಸರಿಯಾಗೇ ಇದೆ. ಆಗ ನೀವೇ ಪೂರ್ತಿ ನೋಡಿ ಚೆನ್ನಾಗಿದೆ ಅಂದಿದ್ರಿ."

ಉತ್ತರ ಬರಲು ತಡವಾಗಲಿಲ್ಲ.

"ಆಗ ನಾನು ಸಾಲು ನೋಡಲಿಲ್ಲ, ಬರೆದವರನ್ನು ನೋಡಿ ಒಪ್ಪಿಬಿಟ್ಟೆ. ಅದು ನನ್ನ ತಪ್ಪು."

ಅವಳು ಅದನ್ನು ಓದಿ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಸಾಬೂನಿನ ಎರಡನೆಯ ಪ್ಯಾರಾದ ಮೇಲೆ ಗುರುತುಗಳು ಬೀಳುತ್ತಲೇ ಇದ್ದವು.